ತೆರೆಯದ ಬಾಗಿಲಿನ ಮುಂದೆ ಐವತ್ತು ವರ್ಷ

ಗ್ಯಾರಿ ಗೈಗ್ಯಾಕ್ಸ್ 1978ರಲ್ಲಿ ಬರೆದ ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಗಾರರ ಕೈಪಿಡಿಯಲ್ಲಿ ಕಳ್ಳನ ಪಾತ್ರಕ್ಕೆಂದೇ ಒಂದು ಕೋಷ್ಟಕವಿದೆ. ಮೊದಲ ಹಂತದ ಕಳ್ಳ ಬೀಗ ತೆಗೆಯುವ ಸಾಧ್ಯತೆ ನೂರಕ್ಕೆ 25. ದಾಳ ತಪ್ಪಿದರೆ ಅದೇ ಬೀಗಕ್ಕೆ ಮತ್ತೆ ಕೈ ಹಾಕುವಂತಿಲ್ಲ. ಪಾತ್ರ ಮೇಲಿನ ಹಂತಕ್ಕೆ ಏರುವ ತನಕ ಕಾಯಬೇಕು. ಬೀಗ ತೆಗೆಯುವುದೇ ಕಸುಬಾದವನಿಗೂ ನಾಲ್ಕರಲ್ಲಿ ಮೂರು ಬಾಗಿಲು ಮುಚ್ಚಿಯೇ ಇರುತ್ತವೆ. ಬಾಗಿಲು ತೆರೆಯದಿದ್ದರೆ ಮೇಜಿನ ಸುತ್ತ ಕೂತವರು ಏನು ಮಾಡಬೇಕು? ಕೋಷ್ಟಕ ಅದನ್ನು ಹೇಳುವುದಿಲ್ಲ.

ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಮೂಲ ಆಟವನ್ನು ಹೊರತಂದ ಮೇಲೆ ಐವತ್ತು ವರ್ಷ ದಾಟಿದೆ. ಮಾತಿನಲ್ಲೇ ಕಥೆ ಕಟ್ಟುವ ಈ ಆಟಗಳ ಚರಿತ್ರೆಯನ್ನು ಹಿಂದಿರುಗಿ ನೋಡಿದರೆ, ನನ್ನ ಕಣ್ಣಿಗೆ ಅದು ಬಹುಮಟ್ಟಿಗೆ ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆ.

ಚೌಕಾಬಾರದಲ್ಲಿ ಬೇಕಾದ ಗರ ಬೀಳದಿದ್ದರೆ ಕಾಯಿ ಹಣ್ಣಾಗದೆ ಇದ್ದಲ್ಲೇ ಕೂರುತ್ತದೆ. ಅದರಿಂದ ಆಟ ಕೆಡುವುದಿಲ್ಲ, ಏಕೆಂದರೆ ಕವಡೆ ಎದುರಾಳಿಯ ಕೈಗೆ ಹೋಗುತ್ತದೆ. ಕಥೆ ಕಟ್ಟುವ ಆಟದಲ್ಲಿ ಎದುರಾಳಿಯೇ ಇಲ್ಲ. ಎಲ್ಲರೂ ಒಂದೇ ಬಾಗಿಲಿನ ಮುಂದೆ ನಿಂತಿರುತ್ತಾರೆ, ಒಬ್ಬರ ದಾಳ ತಪ್ಪಿದರೆ ಎಲ್ಲರೂ ನಿಲ್ಲುತ್ತಾರೆ. ನಾನು ಆಟ ನಡೆಸಲು ಕಲಿಯುತ್ತಿದ್ದ ಕಾಲದಲ್ಲಿ ಒಂದು ಇಡೀ ಸಂಜೆ ಹೀಗೆ ನಿಂತುಹೋಗಿತ್ತು. ನೆಲಮಾಳಿಗೆಯ ಬಾಗಿಲು, ಅದರಾಚೆ ನಾನು ವಾರವಿಡೀ ಕೂತು ಬರೆದ ಕಥೆ. ಒಬ್ಬ ದಾಳ ಹಾಕಿದ, ತಪ್ಪಿತು. ಇನ್ನೊಬ್ಬಳು ಹಾಕಿದಳು, ಅದೂ ತಪ್ಪಿತು. ಕೊನೆಗೆ, ಆಟ ನಡೆಸುವವರು ತಮ್ಮ ಮುಂದೆ ಮರೆಗೆ ಇಟ್ಟುಕೊಳ್ಳುವ ಪರದೆಯ ಹಿಂದೆ ನಾನೇ ಒಂದು ದಾಳ ಉರುಳಿಸಿ, ಬಿದ್ದ ಅಂಕಿಯನ್ನು ನೋಡದೆಯೇ “ಬಾಗಿಲು ತೆರೆಯಿತು” ಎಂದೆ. ಯಾರೂ ಏನೂ ಅನ್ನಲಿಲ್ಲ. ಆದರೆ ಆಮೇಲೆ ಆ ರಾತ್ರಿ ಯಾರೂ ಮನಸ್ಸಿಟ್ಟು ದಾಳ ಹಾಕಲಿಲ್ಲ. ಸುಳ್ಳು ಅವರಿಗೆ ಗೊತ್ತಾಗಿತ್ತು.

ಹಳಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ನೆಲಮಾಳಿಗೆಗಳು ನೂರಾರು ಕೋಣೆಗಳ ಜಾಲ. ಒಂದು ಬಾಗಿಲು ಮುಚ್ಚಿದರೆ ಎಡಕ್ಕೆ ಹೋಗು, ಕೊಡಲಿಯಿಂದ ಒಡೆ, ಸದ್ದಿಗೆ ಬಂದ ರಾಕ್ಷಸರ ಜೊತೆ ಹೊಡೆದಾಡು. ಅಲ್ಲಿ ಸೋಲು ದಾರಿ ಬದಲಿಸುತ್ತಿತ್ತು. ತೊಡಕು ಶುರುವಾದದ್ದು ಸಾಹಸಗಳು ಒಂದೇ ದಾರಿಯ ಕಥೆಗಳಾದ ಮೇಲೆ. ಸ್ಯಾಂಡಿ ಪೀಟರ್ಸನ್‌ರ ‘ಕಾಲ್ ಆಫ್ ಕ್ಥುಲ್ಹು’ 1981ರಲ್ಲಿ ಬಂತು. ಅದು ಪತ್ತೇದಾರಿಯ ಆಟ. ಗ್ರಂಥಾಲಯದಲ್ಲಿ ಹಾಕಿದ ದಾಳ ತಪ್ಪಿ ಸುಳಿವು ಸಿಗದೆ ಹೋದರೆ ಕೊಲೆಗಾರ ಸಿಗುವುದು ಹೇಗೆ? ಇದಕ್ಕೆ ನೇರ ಉತ್ತರ ಕೊಟ್ಟದ್ದು ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ಪದ್ಧತಿ. ಅದನ್ನೇ ಬಳಸಿ 2008ರಲ್ಲಿ ಕೆನೆತ್ ಹೈಟ್ ಬರೆದ ‘ಟ್ರೇಲ್ ಆಫ್ ಕ್ಥುಲ್ಹು’ವಿನಲ್ಲಿ ಸರಿಯಾದ ಕೌಶಲವಿರುವವರು ಸರಿಯಾದ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ, ದಾಳದ ಮಾತೇ ಇಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಾನೂ ಬದಲಾಯಿತು. 2000ದ ಮೂರನೇ ಆವೃತ್ತಿಯಲ್ಲಿ, ಸೋತರೆ ನಷ್ಟವಿಲ್ಲದ ಕೆಲಸಕ್ಕೆ ಇಪ್ಪತ್ತು ಪಟ್ಟು ಸಮಯ ಕೊಟ್ಟು, ದಾಳ ಹಾಕದೆ ನೇರವಾಗಿ 20 ಬಿತ್ತೆಂದು ಎಣಿಸಿಕೊಳ್ಳಬಹುದು. ಪುಟದ ಮೂಲೆಯ ಸಣ್ಣ ನಿಯಮದಂತೆ ಕಾಣುತ್ತದೆ. ಅದರೊಳಗೆ ನನಗೆ ಕಾಣುವುದು ದೊಡ್ಡ ವಿವೇಕ: ಸೋಲಿನಿಂದ ಏನೂ ಆಗದಿದ್ದರೆ ದಾಳ ಯಾಕೆ? ವಿನ್ಸೆಂಟ್ ಬೇಕರ್ 2004ರ ‘ಡಾಗ್ಸ್ ಇನ್ ದ ವಿನ್‌ಯಾರ್ಡ್’ನಲ್ಲಿ ಇದನ್ನೇ ಇನ್ನಷ್ಟು ಖಡಾಖಂಡಿತವಾಗಿ ಹೇಳಿದರು. ಒಂದೋ ಆಟಗಾರರ ಮಾತಿಗೆ ಒಪ್ಪಿಕೊಳ್ಳಿ, ಇಲ್ಲವೇ ದಾಳ ಹಾಕಿಸಿ. ಲ್ಯೂಕ್ ಕ್ರೇನ್‌ರ ‘ಬರ್ನಿಂಗ್ ವೀಲ್’ ಮತ್ತೊಂದು ಶಿಸ್ತು ತಂದಿತು: ಪರಿಸ್ಥಿತಿ ಬದಲಾಗುವ ತನಕ ಒಮ್ಮೆ ಬಿದ್ದ ದಾಳವೇ ಅಂತಿಮ. ಆಟಗಾರರು ಗೋಗರೆದು ಮತ್ತೆ ಮತ್ತೆ ಹಾಕುವಂತಿಲ್ಲ. ಆಟ ನಡೆಸುವವರು ಅವರು ಸೋಲುವ ತನಕ ಹಾಕಿಸುತ್ತಲೇ ಇರುವಂತೆಯೂ ಇಲ್ಲ. ಈ ಎರಡನೆಯದು ನಮ್ಮಲ್ಲಿ ಹಲವರು ಗೊತ್ತಿಲ್ಲದೆ ಮಾಡುವ ಅನ್ಯಾಯ. ಕಾವಲುಗಾರರ ಕಣ್ಣು ತಪ್ಪಿಸಿ ನಡೆಯುವವನಿಗೆ ಐದು ಸಲ ದಾಳ ಹಾಕಿಸಿದರೆ ಅವನು ಎಲ್ಲಾದರೂ ಒಂದು ಕಡೆ ಸಿಕ್ಕಿಬೀಳಲೇಬೇಕು.

ಇವೆಲ್ಲ ಒಟ್ಟಾಗಿ ಬೆಳಕಿಗೆ ಬಂದದ್ದು 2010ರಲ್ಲಿ, ವಿನ್ಸೆಂಟ್ ಮತ್ತು ಮೆಗ್ವೇ ಬೇಕರ್ ಅವರ ‘ಅಪಾಕಲಿಪ್ಸ್ ವರ್ಲ್ಡ್’ನಲ್ಲಿ. ಎರಡು ದಾಳ. ಹತ್ತು ಅಥವಾ ಮೇಲೆ ಬಿದ್ದರೆ ಪೂರ್ಣ ಗೆಲುವು, 7ರಿಂದ 9ಕ್ಕೆ ಬೆಲೆ ತೆತ್ತ ಗೆಲುವು, 6 ಅಥವಾ ಕೆಳಗೆ ಬಿದ್ದರೆ ಆಟ ನಡೆಸುವವರ ಪೆಟ್ಟು. ಪಾತ್ರಕ್ಕೆ ಯಾವ ಹೆಚ್ಚುವರಿ ಅಂಕವೂ ಇಲ್ಲದಿದ್ದರೆ 36ರಲ್ಲಿ 15 ಸಲ ಪೆಟ್ಟು, 15 ಸಲ ಬೆಲೆ, 6 ಸಲ ಮಾತ್ರ ನಿರಾಳ. “ಏನೂ ಆಗಲಿಲ್ಲ” ಎಂಬ ಮಾತಿಗೆ ಈ ಆಟದಲ್ಲಿ ಜಾಗವೇ ಇಲ್ಲ. ಇದನ್ನು ಮೊದಲ ಬಾರಿ ನಡೆಸಿದ ದಿನ ನನ್ನ ಮೈ ಝುಮ್ಮೆಂದಿತ್ತು.

ಆದರೂ ಈ ದಾರಿಯಲ್ಲಿ ನಾವು ಕಳೆದುಕೊಂಡದ್ದೂ ಇದೆ. ಪ್ರತಿ ದಾಳಕ್ಕೂ ಒಂದು ಬೆಲೆ ಕಟ್ಟುತ್ತಾ ಹೋದರೆ ಕಥೆಯ ತುಂಬ ತುಂಡಾದ ಹಗ್ಗ, ಮುರಿದ ಕತ್ತಿ, ಇದ್ದಕ್ಕಿದ್ದಂತೆ ಬಂದ ಕಾವಲುಗಾರ. ರಾತ್ರಿ ಹತ್ತರ ಹೊತ್ತಿಗೆ ದಣಿದ ತಲೆಗೆ ಹೊಸ ತೊಂದರೆ ಹೊಳೆಯುವುದೂ ಇಲ್ಲ. ಇದಕ್ಕಿಂತ ಮುಖ್ಯವಾದದ್ದು, ಗೆಲುವಿನ ಬಾಲಕ್ಕೆ ಕಟ್ಟಿದ ಬೆಲೆಯನ್ನೇ ಸೋಲು ಎಂದು ಕರೆಯುತ್ತಾ ಹೋದರೆ ಸೋಲಿಗೆ ಭಾರವೇ ಉಳಿಯುವುದಿಲ್ಲ. ಕೆಲವು ಬಾಗಿಲುಗಳು ಮುಚ್ಚಿಯೇ ಇರಬೇಕು. ಹಾಗೆಯೇ, ಸೋತ ಪಾತ್ರವನ್ನು ಪೆದ್ದನಾಗಿ ತೋರಿಸುವುದು ನಾನು ಸಹಿಸದ ಅಭ್ಯಾಸ. ಇಪ್ಪತ್ತು ವರ್ಷ ಬಿಲ್ಲು ಹಿಡಿದವಳು ಕಾಲು ತೊಡರಿ ಬೀಳುವುದಿಲ್ಲ. ಗಾಳಿ ತಿರುಗುತ್ತದೆ, ಗುರಿಯಲ್ಲಿದ್ದವನು ಆ ಕ್ಷಣಕ್ಕೆ ಬಗ್ಗುತ್ತಾನೆ.

‘ಕಾಲ್ ಆಫ್ ಕ್ಥುಲ್ಹು’ವಿನ ಏಳನೇ ಆವೃತ್ತಿಯಲ್ಲಿ ನನಗೆ ತುಂಬಾ ಇಷ್ಟವಾದ ಪರಿಹಾರವೊಂದಿದೆ. ಸೋತವರು ತಮ್ಮ ಪ್ರಯತ್ನವನ್ನು ಹೇಗೆ ಬಿಗಿಗೊಳಿಸುತ್ತೇವೆಂದು ವಿವರಿಸಿ ಮತ್ತೊಮ್ಮೆ ದಾಳ ಹಾಕಬಹುದು, ಆದರೆ ಎರಡನೇ ಸಲವೂ ತಪ್ಪಿದರೆ ಘೋರ ಪರಿಣಾಮ. ಅಪಾಯದ ಆಯ್ಕೆ ಆಟಗಾರರ ಕೈಯಲ್ಲೇ ಉಳಿಯುತ್ತದೆ. ಈಗ ನಾನು ಯಾವ ಆಟ ನಡೆಸಿದರೂ ದಾಳ ಉರುಳುವ ಮೊದಲೇ ಪರಿಣಾಮ ಹೇಳಿಬಿಡುತ್ತೇನೆ. ಪರದೆಯನ್ನೂ ತೆಗೆದಿಟ್ಟಿದ್ದೇನೆ.

ಇತ್ತೀಚೆಗೆ ನಮ್ಮ ಆಟದಲ್ಲಿ ವೈದ್ಯೆಯ ಪಾತ್ರ ಮಾಡುವ ಗೆಳತಿ, ಗಾಯಗೊಂಡ ಅಂಬಿಗನೊಬ್ಬನಿಗೆ ಚಿಕಿತ್ಸೆ ಮಾಡಲು ಹೊರಟಳು. “ಸುಮ್ಮನಿದ್ದರೆ ಬೆಳಗಿನ ತನಕ ಉಳಿಯಲಾರ. ಕತ್ತಿ ಹಿಡಿದರೆ ಬದುಕುತ್ತಾನೆ, ಆದರೆ ದಾಳ ತಪ್ಪಿದರೆ ಕೈ ಹೋಗುತ್ತದೆ. ಹಾಕ್ತೀಯಾ?” ಎಂದೆ. ಅವಳು ಬಹಳ ಹೊತ್ತು ದಾಳವನ್ನು ಅಂಗೈಯಲ್ಲೇ ಹಿಡಿದು ಕೂತಿದ್ದಳು. ಬಿದ್ದದ್ದು ನಾಲ್ಕು. ಅಂಬಿಗ ಈಗಲೂ ಅದೇ ದೋಣಿಯಲ್ಲಿದ್ದಾನೆ, ಅವನ ಬದಲಿಗೆ ಹುಟ್ಟು ಹಾಕುತ್ತಿರುವವಳು ವೈದ್ಯೆ.