ದೇವೀ ಚೌಧುರಾಣಿಗೆ ದೊರೆತ ತೀರ್ಪು

ಬಂಕಿಮಚಂದ್ರರ ಕಾದಂಬರಿಗಳು ಬಿ. ವೆಂಕಟಾಚಾರ್ಯರ ಲೇಖನಿಯಿಂದ ಕನ್ನಡಕ್ಕೆ ಇಳಿದು ಬಂದ ಕಾಲದಿಂದಲೂ ನಮ್ಮ ವಾಚಕರು ಅವುಗಳನ್ನು ತಮ್ಮವೆಂದೇ ಭಾವಿಸಿರುವರು. ತಮ್ಮದೆಂದು ಭಾವಿಸಿದುದನ್ನು ಪರೀಕ್ಷಿಸುವ ಅಧಿಕಾರವೂ ಅವರಿಗುಂಟು. ೧೮೮೪ರಲ್ಲಿ ಗ್ರಂಥರೂಪದಿಂದ ಪ್ರಕಟವಾದ ‘ದೇವೀ ಚೌಧುರಾಣಿ’ಯ ಕೊನೆಯ ಅಧ್ಯಾಯವು ಗೃಹಿಣೀಧರ್ಮದ ಶಿಖರವೆಂದು ಕೊಂಡಾಡುವವರು ಇಂದಿಗೂ ಇದ್ದಾರೆ. ಆ ಹೊಗಳಿಕೆಯನ್ನು ನಾವು ಒಪ್ಪಲಾರೆವು.

ಕಥೆಯನ್ನು ನೋಡಿರಿ. ಪ್ರಫುಲ್ಲೆಯು ನಿರಪರಾಧಿನಿ. ನೆರೆಯವರು ಅವಳ ತಾಯಿಯ ಮೇಲೆ ಹೊರಿಸಿದ ಸುಳ್ಳು ಅಪವಾದವನ್ನು ನಂಬಿ ಮಾವನಾದ ಹರವಲ್ಲಭನು ಅವಳನ್ನು ಹೊರಗಟ್ಟುತ್ತಾನೆ. ಹೊಟ್ಟೆಗೇನು ಗತಿಯೆಂದರೆ, ಕಳವು ಮಾಡಲಿ, ದರೋಡೆ ಮಾಡಲಿ, ಭಿಕ್ಷೆ ಬೇಡಲಿ ಎನ್ನುತ್ತಾನೆ! ಭವಾನೀ ಪಾಠಕನು ಆ ಅನಾಥೆಗೆ ಐದು ವರ್ಷ ವ್ಯಾಕರಣ, ಕಾವ್ಯ, ಸಾಂಖ್ಯ, ವೇದಾಂತ, ಗೀತೆಗಳನ್ನು ಕಲಿಸುತ್ತಾನೆ, ಮಲ್ಲವಿದ್ಯೆಯನ್ನೂ ಕಲಿಸುತ್ತಾನೆ. ಅವಳು ತೀಸ್ತಾ ನದಿಯ ನೌಕೆಯಲ್ಲಿ ರಾಣಿಯಾಗಿ ದೀನರಿಗೆ ಧನ ಹಂಚುತ್ತಾಳೆ. ಅದೇ ಮಾವನ ಸಾಲ ತೀರಲೆಂದು ಐವತ್ತು ಸಾವಿರ ರೂಪಾಯಿ ಕೊಡುತ್ತಾಳೆ. ಅವನೋ, ಋಣ ತೀರಿಸುವ ಬದಲು ಇಂಗ್ಲಿಷರಿಗೆ ಅವಳ ಸುಳಿವು ಕೊಡುತ್ತಾನೆ. ಬಿರುಗಾಳಿಯೆದ್ದ ಕ್ಷಣವನ್ನೇ ಸಾಧಿಸಿ, ಹಾಯಿ ಬಿಚ್ಚಿಸಿ, ಸಿಪಾಯಿಗಳ ದೋಣಿಗಳ ನಡುವಿನಿಂದ ಅವಳು ಪಾರಾಗುತ್ತಾಳೆ. ಇಂಥವಳಿಗೆ ಗ್ರಂಥಕರ್ತರು ವಿಧಿಸಿದ ತೀರ್ಪು ಯಾವುದು? ಸವತಿಯರಿರುವ ಅದೇ ಮನೆ, ಕೊಳದ ಮೆಟ್ಟಿಲಲ್ಲಿ ಪಾತ್ರೆ ತಿಕ್ಕುವ ಕೆಲಸ!

ಪಾತ್ರೆ ತಿಕ್ಕುವುದು ಹೀನವೇ, ಸಂಸಾರವೇ ಕಠಿನತಮ ಯೋಗವಲ್ಲವೇ ಎಂದು ಪ್ರತಿಪಕ್ಷದವರು ಕೇಳುವರು. ಹೀನವಲ್ಲ, ನಿಜ. ಆದರೆ ಆ ಯೋಗವು ಅಷ್ಟು ಶ್ರೇಷ್ಠವಾಗಿದ್ದರೆ ಪತಿಯಾದ ವ್ರಜೇಶ್ವರನಿಗೆ ಅದರ ದೀಕ್ಷೆ ಏಕಿಲ್ಲ? ವಿಶ್ವಾಸಘಾತಕನಾದ ಹರವಲ್ಲಭನು ಯಜಮಾನನಾಗಿಯೇ ಉಳಿದನು. ನಿರಪರಾಧಿನಿಯು ಹೊಸ ಸೊಸೆಯೆಂಬ ಮರೆಯಲ್ಲಿ ಹೊಸ್ತಿಲು ದಾಟಬೇಕಾಯಿತು. ಇದು ಯಾವ ನ್ಯಾಯ? ಅವಳೇ ಇಚ್ಛಿಸಿ ಹೋದಳೆನ್ನುವಿರೋ? ಇಚ್ಛೆಯೆನ್ನಬೇಕಾದರೆ ದಾರಿಗಳಿರಬೇಕು. ಇದ್ದದ್ದು ಸೈನ್ಯ ಬೆನ್ನಟ್ಟುವ ನದಿ, ಇಲ್ಲವೆ ಮಾವನ ಮನೆ. ಮೂರನೆಯ ಬಾಗಿಲನ್ನು ಲೇಖಕರು ತೆರೆಯಲೇ ಇಲ್ಲ.

ಇದನ್ನು ಐತಿಹಾಸಿಕ ಕಾದಂಬರಿಯೆಂದು ಎಣಿಸಬೇಡಿರೆಂದು ಬಂಕಿಮರೇ ಹೇಳಿರುವರು. ಆದರೂ ಕಥೆಯ ಬೇರು ಇತಿಹಾಸದಲ್ಲಿದೆ. ರಂಗಪುರದ ಸೀಮೆಯಲ್ಲಿ ದೋಣಿಗಳಲ್ಲೇ ವಾಸಿಸುತ್ತ, ವೇತನ ಕೊಟ್ಟು ಬರಕಂದಾಜರ ದೊಡ್ಡ ಪಡೆಯನ್ನಿಟ್ಟುಕೊಂಡಿದ್ದ ದೇವೀ ಚೌಧುರಾಣಿಯ ಉಲ್ಲೇಖವು ೧೭೮೭ರ ಲೆಫ್ಟಿನೆಂಟ್ ಬ್ರೆನನನ ವರದಿಯಲ್ಲಿದೆ. ಅವನ ಪಡೆಯವರ ಕೈಯಲ್ಲಿ ಭವಾನೀ ಪಾಠಕನು ಹತನಾದನು. ಕಾದಂಬರಿಯ ಪಾಠಕನಾದರೋ, ಇಂಗ್ಲಿಷರಿಂದ ಸುರಾಜ್ಯ ಬಂದಿತೆಂದು ತಾನಾಗಿಯೇ ಶರಣಾಗಿ ದ್ವೀಪಾಂತರಕ್ಕೆ ತೆರಳುತ್ತಾನೆ! ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದ ಲೇಖಕರ ಸಂಕಟವನ್ನು ನಾವು ಊಹಿಸಬಲ್ಲೆವು. ಪಾಠಕನನ್ನು ಸರಕಾರಕ್ಕೂ ಪ್ರಫುಲ್ಲೆಯನ್ನು ಸಂಸಾರಕ್ಕೂ ಒಪ್ಪಿಸಿ ಅವರು ಕಥೆ ಮುಗಿಸಿದರು.

ಇದು ಬರಿಯ ಕಥೆಯ ಮಾತಲ್ಲ. ಮಗಳನ್ನು ಅಭಿಮಾನದಿಂದ ಓದಿಸಿ, ಪದವಿ ಕೊಡಿಸಿ, ಲಗ್ನದ ಮಾತುಕತೆಯಲ್ಲಿ ‘ಇನ್ನು ನೌಕರಿ ಬೇಡ’ವೆಂಬ ಷರತ್ತಿಗೆ ತಲೆಯಾಡಿಸುವ ಮನೆಗಳು ಇಂದಿಗೂ ನಮ್ಮ ಕಣ್ಣ ಮುಂದೆ ಇವೆ. ಅವರೆಲ್ಲರಿಗೂ ಆ ಕೊಳದ ಮೆಟ್ಟಿಲೇ ಆಧಾರ.

ಗ್ರಂಥವನ್ನು ಬಿಸುಡಿರೆಂದು ನಾವು ಹೇಳುವುದಿಲ್ಲ. ಹೆಣ್ಣುಮಕ್ಕಳ ಕೈಗೆ ಅವಶ್ಯವಾಗಿ ಕೊಡಿರಿ. ಆದರೆ ಕೊನೆಯ ಅಧ್ಯಾಯವನ್ನು ಧರ್ಮಾಜ್ಞೆಯೆಂದು ಬೋಧಿಸಬೇಡಿರಿ. ಕಲಿತ ವಿದ್ಯೆ ಎಲ್ಲಿ ಸಲ್ಲಬೇಕೆಂಬುದನ್ನು ಕಲಿತವಳೇ ನಿರ್ಣಯಿಸಲಿ.