ಸಂಶಯದ ಬೀದಿಯಲ್ಲಿ

ಅಮೆರಿಕದ ‘ದಿ ಟ್ವೈಲೈಟ್ ಝೋನ್’ ಟಿ.ವಿ. ಸರಣಿಯಲ್ಲಿ 1960ರ ಮಾರ್ಚ್ 4ರಂದು ಪ್ರಸಾರವಾದ, ರಾಡ್ ಸರ್ಲಿಂಗ್ ರಚಿಸಿದ ಕಂತೊಂದು ಇಂದಿಗೂ ಚಿಂತನಾರ್ಹವಾಗಿದೆ. ಮೇಪಲ್ ಸ್ಟ್ರೀಟ್ ಎಂಬ ಪ್ರಶಾಂತ ಬೀದಿಯಲ್ಲಿ ವಿದ್ಯುತ್ತು, ದೂರವಾಣಿ, ವಾಹನಗಳು ಹಠಾತ್ತನೆ ಸ್ತಬ್ಧವಾಗುತ್ತವೆ. ಅನ್ಯಗ್ರಹದವರು ಮನುಷ್ಯರ ವೇಷದಲ್ಲಿ ಮೊದಲೇ ಬಂದು ನೆಲೆಸಿರುತ್ತಾರೆಂದು ಕಥೆಯಲ್ಲಿ ಓದಿದ್ದ ಬಾಲಕನ ಮಾತು ಜನರ ಮನಸ್ಸನ್ನು ಹೊಕ್ಕುತ್ತದೆ. ಒಬ್ಬನು ರಾತ್ರಿ ಆಕಾಶ ನೋಡುತ್ತಿದ್ದುದೇ ಅಪರಾಧವಾಗುತ್ತದೆ. ತಾಳ್ಮೆ ಬೋಧಿಸಿದವನ ಮನೆಯ ರೇಡಿಯೋ ಕೂಡ ಶಂಕಾಸ್ಪದವಾಗುತ್ತದೆ. ಪಕ್ಕದ ಬೀದಿಯ ಸ್ಥಿತಿ ತಿಳಿಯಲು ಹೋಗಿದ್ದ ನೆರೆಯವನು ಕತ್ತಲಲ್ಲಿ ಮರಳುವಾಗ ತನ್ನವರದೇ ಗುಂಡಿಗೆ ಬಲಿಯಾಗುತ್ತಾನೆ. ಅನ್ಯಗ್ರಹದವರು ಗುಡ್ಡದ ಮೇಲಿದ್ದರು. ಅವರು ಕೆಲವು ಯಂತ್ರಗಳನ್ನು ನಿಲ್ಲಿಸಿ ನಡೆಸಿದ್ದರಷ್ಟೇ. ಉಳಿದುದನ್ನು ನೆರೆಹೊರೆಯವರೇ ಪೂರೈಸಿದರು.

ಕಮ್ಯುನಿಸ್ಟರೆಂಬ ಶಂಕೆಯೊಂದರಿಂದಲೇ 1950ರ ದಶಕದಲ್ಲಿ ಶಿಕ್ಷಕರು, ಬರಹಗಾರರು, ನಟರು ಜೀವನೋಪಾಯ ಕಳೆದುಕೊಂಡಿದ್ದ ನಾಡಿಗೆ ಈ ಕಥೆ ಅಪರಿಚಿತವಾಗಿರಲಿಲ್ಲ. ದ್ರೋಹಿಯನ್ನು ಹುಡುಕಹೊರಟವರೇ ಇಲ್ಲಿ ದ್ರೋಹವೆಸಗಿದರು. ವರ್ಷಗಟ್ಟಲೆ ಕಂಡು ಬಲ್ಲ ಮುಖಕ್ಕಿಂತ ಕ್ಷಣದ ವದಂತಿ ಹೆಚ್ಚು ವಿಶ್ವಾಸಾರ್ಹವೆನಿಸಿದ ಗಳಿಗೆಯಲ್ಲಿಯೇ ಆ ಬೀದಿ ಸೋತಿತ್ತೆಂಬುದು ನಮ್ಮ ಅಭಿಪ್ರಾಯ. ಬೆಳಗಾಗುವ ತನಕ ಕಾಯುವ ಸಂಯಮವನ್ನು ಆ ಜನರು ತೋರಿದ್ದರೆ ಒಂದು ಜೀವ ಉಳಿಯುತ್ತಿತ್ತು. ನೆರೆಯವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಋಣವೂ ಅಷ್ಟೇ.