ಬಾನೆಟ್ ಕೆಳಗಿನ ಕಾನೂನು: ಕಿವಿಗೆ ಕೇಳಿಸಿದ್ದಷ್ಟೇ ಅಪರಾಧವೇ?

ಭಾನುವಾರ ಬೆಳಿಗ್ಗೆ ಪೀಣ್ಯ ಅಥವಾ ವೈಟ್‌ಫೀಲ್ಡ್ ಕಡೆಯ ಯಾವುದಾದರೂ ಮಾಡಿಫಿಕೇಶನ್ ಗ್ಯಾರೇಜ್‌ಗೆ ಹೋಗಿ ನೋಡಿ. ಬಾನೆಟ್ ಎತ್ತಿದ ಕಾರು, ಸುತ್ತ ನಾಲ್ಕು ಜನ ಹುಡುಗರು. ಕಂಪನಿ ಕೊಟ್ಟ ಕಪ್ಪು ಪ್ಲಾಸ್ಟಿಕ್ ಏರ್‌ಬಾಕ್ಸ್ ಬಿಚ್ಚಿ ಮೂಲೆಗಿಟ್ಟಿದ್ದಾರೆ. ಅದರ ಜಾಗಕ್ಕೆ ಕೆಂಪು ಕೋನ್ ಫಿಲ್ಟರ್, ಜೊತೆಗೊಂದು ಅಲ್ಯೂಮಿನಿಯಂ ಪೈಪ್. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಗಾಳಿ ಎಳೆಯುವ 'ಭುಸ್' ಸದ್ದು. ಎಲ್ಲರ ಮುಖದಲ್ಲೂ ನಗು.

ಈ ಹುಡುಗರು ಕಾನೂನು ಮುರಿದರೋ ಇಲ್ಲವೋ? ಸರಳ ಪ್ರಶ್ನೆ ಅನ್ನಿಸುತ್ತೆ. ಆದರೆ ಉತ್ತರ ಸರಳವಾಗಿಲ್ಲ. ನನ್ನ ಮಟ್ಟಿಗೆ ನಿಜವಾದ ಸಮಸ್ಯೆ ಇರುವುದೂ ಅಲ್ಲೇ.

ಕಾನೂನು ಏನು ಹೇಳುತ್ತೆ?

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಸೆಕ್ಷನ್ 182ಎ ತಂದಿತು. ಅನುಮತಿ ಇಲ್ಲದ ರೀತಿಯಲ್ಲಿ ಬಿಡಿಭಾಗ ಅಳವಡಿಸಿದರೆ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ.

ಆದರೆ ಆರ್‌ಸಿಯಲ್ಲಿ ಏರ್ ಫಿಲ್ಟರ್ ಬಗ್ಗೆ ಒಂದಕ್ಷರವೂ ಇರುವುದಿಲ್ಲ. 'ಬದಲಾವಣೆ' ಅಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂಥ ರಚನೆಯ ಮಾರ್ಪಾಡು ಎಂದು ಸೆಕ್ಷನ್ 52ರ ವಿವರಣೆಯೇ ಹೇಳುತ್ತದೆ. ಹಾಗಾದರೆ 'ಮೂಲ ಲಕ್ಷಣ' ಯಾವುದು? ಫಿಲ್ಟರ್ ಅದರಲ್ಲಿ ಬರುತ್ತಾ? ಪೈಪ್ ಬರುತ್ತಾ? ಇಸಿಯುಗೆ ಹಾಕಿದ ಹೊಸ ಸಾಫ್ಟ್‌ವೇರ್? ರಸ್ತೆಯಲ್ಲಿ ಗಾಡಿ ನಿಲ್ಲಿಸಿದವರಿಗೆ ಆ ಕ್ಷಣಕ್ಕೆ ಏನು ತೋಚುತ್ತೋ ಅದೇ ಉತ್ತರ.

ಎಂಜಿನಿಯರಿಂಗ್ ಏನು ಹೇಳುತ್ತೆ?

ಪೆಟ್ರೋಲ್ ಎಂಜಿನ್‌ನಲ್ಲಿ ಒಂದು ಭಾಗ ಇಂಧನ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಈ ಲೆಕ್ಕವನ್ನು ಇಸಿಯು ಸೆನ್ಸರ್‌ಗಳ ಸಹಾಯದಿಂದ ಕ್ಷಣಕ್ಷಣಕ್ಕೂ ಸರಿದೂಗಿಸುತ್ತಾ ಇರುತ್ತದೆ. ಲೆಕ್ಕ ಸರಿ ಇದ್ದರೆ ಮಾತ್ರ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಶುದ್ಧ ಮಾಡುತ್ತದೆ.

ಬರೀ ಫಿಲ್ಟರ್ ಬದಲಿಸಿದರೆ ಈ ಲೆಕ್ಕ ಸಾಮಾನ್ಯವಾಗಿ ಕೆಡುವುದಿಲ್ಲ. ಹೊಸ ಫಿಲ್ಟರ್‌ಗೆ ಎಣ್ಣೆ ಜಾಸ್ತಿ ಹಚ್ಚಿದರೆ ಅದು ಗಾಳಿ ಅಳೆಯುವ ಸೆನ್ಸರ್ ಮೇಲೆ ಕೂತು ತೊಂದರೆ ಕೊಡಬಹುದು, ಅಷ್ಟೇ. ಶಕ್ತಿ ಹೆಚ್ಚಾಗುತ್ತಾ? ಹೆಚ್ಚೇನಿಲ್ಲ. ಕಂಪನಿಯ ಏರ್‌ಬಾಕ್ಸ್ ಹೊರಗಿನ ತಂಪು ಗಾಳಿ ಎಳೆಯುವಂತೆ ಮಾಡಿದ್ದು. ಅದನ್ನು ಕಿತ್ತು ತೆರೆದ ಕೋನ್ ಹಾಕಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತರೆ ಎಂಜಿನ್ ಉಸಿರಾಡುವುದು ಬಾನೆಟ್ ಒಳಗಿನ ಬಿಸಿ ಗಾಳಿಯನ್ನು. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಅಂದರೆ ದುಡ್ಡು ಕೊಟ್ಟು ಶಕ್ತಿ ಕಳೆದುಕೊಂಡ ಹಾಗೆ. ಏರ್‌ಬಾಕ್ಸ್ ಅಡಗಿಸಿಡುತ್ತಿದ್ದ ಸದ್ದು ಈಗ ಕೇಳಿಸುತ್ತದೆ, ಅದನ್ನೇ ನಾವು 'ಪವರ್' ಅಂದುಕೊಳ್ಳುತ್ತೇವೆ.

ತಂಪು ಗಾಳಿಗಾಗಿ ಪೈಪನ್ನು ಬಂಪರ್ ಹತ್ತಿರ ಕೆಳಕ್ಕೆ ಇಳಿಸುವವರೂ ಇದ್ದಾರೆ. ಅವರು 2022ರ ಸೆಪ್ಟೆಂಬರ್ ಮೊದಲ ವಾರವನ್ನು ನೆನಪಿಸಿಕೊಳ್ಳಬೇಕು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಎಲ್ಲಾ ಕೆರೆಯಾಗಿದ್ದವು. ನೀರನ್ನು ಗಾಳಿಯ ಹಾಗೆ ಒತ್ತಿ ಕುಗ್ಗಿಸಲು ಆಗುವುದಿಲ್ಲ. ಸಿಲಿಂಡರ್ ಒಳಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳು.

ನಿಜವಾದ ಮಾಲಿನ್ಯ ಶುರುವಾಗುವುದು ಮುಂದಿನ ಹೆಜ್ಜೆಗಳಲ್ಲಿ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವುದು. ಡೀಸೆಲ್ ಗಾಡಿಗಳಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಇನ್‌ಟೇಕ್‌ಗೆ ಕಳಿಸುವ ಇಜಿಆರ್ ವಾಲ್ವ್‌ಗೆ ತಗಡು ಹೊಡೆದು ಮುಚ್ಚುವುದು. ಇಜಿಆರ್ ಮುಚ್ಚಿದರೆ ನೈಟ್ರೋಜನ್ ಆಕ್ಸೈಡ್‌ಗಳು ಏರುತ್ತವೆ. ಅದನ್ನು ಉಸಿರಾಡುವವರು ಹಿಂದೆ ಬೈಕಿನಲ್ಲಿ ಬರುವ ಫ್ಯಾಕ್ಟರಿ ಕಾರ್ಮಿಕರು, ಡೆಲಿವರಿ ಹುಡುಗರು.

ಹಾಗಾದರೆ ಸಿಕ್ಕಿಬೀಳೋರು ಯಾರು?

ಇಜಿಆರ್ ಮುಚ್ಚಿದ್ದು ಕಿವಿಗೆ ಕೇಳಿಸಲ್ಲ. ಎಮಿಷನ್ ಟೆಸ್ಟ್‌ನಲ್ಲೂ ಕಾಣಿಸಲ್ಲ. ಯಾಕೆಂದರೆ ನಮ್ಮ ಪಿಯುಸಿ ಪರೀಕ್ಷೆ ನಡೆಯುವುದು ಗಾಡಿ ನಿಂತಲ್ಲೇ, ಅದರಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಲಕ್ಷಾಂತರ ರೂಪಾಯಿಯ ಕಾರಿನ ಇಸಿಯು ರೀಮ್ಯಾಪ್ ಕೂಡ ಹೊರಗಿನಿಂದ ಗೊತ್ತಾಗಲ್ಲ. ಸುಲಭವಾಗಿ ಕೇಳಿಸುವುದು ಹಳೇ ಬೈಕಿನ ಸೈಲೆನ್ಸರ್. ಹಾಗಾಗಿ ರೋಡ್ ರೋಲರ್ ಹರಿಯುವುದು ಅದರ ಮೇಲೆ, ವಿಡಿಯೊ ಆಗುವುದೂ ಅದೇ. ಸದ್ದು ಮಾಡುವುದು ತಪ್ಪಲ್ಲ ಅಂತ ನಾನು ಹೇಳುತ್ತಿಲ್ಲ. ಕಿವಿಯೊಂದನ್ನೇ ನಂಬಿ ಕಾನೂನು ಜಾರಿ ಮಾಡಿದರೆ ಅದು ಬಡವರ ಗಾಡಿಯನ್ನೇ ಮೊದಲು ಹಿಡಿಯುತ್ತದೆ ಅಂತ ಹೇಳುತ್ತಿದ್ದೇನೆ.

ದೊಡ್ಡವರ ಕಥೆ ನೋಡಿ. ಪರೀಕ್ಷೆಯ ವೇಳೆ ಮಾತ್ರ ಹೊಗೆ ಕಡಿಮೆ ತೋರಿಸುವ ಸಾಫ್ಟ್‌ವೇರ್ ಹಾಕಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು 2015ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದಲ್ಲಿ. ಭಾರತದಲ್ಲಿ 3 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಎರಡೇ ತಿಂಗಳಲ್ಲಿ, ಬಲವಂತದ ಕ್ರಮ ಬೇಡ ಎಂದು ಸುಪ್ರೀಂ ಕೋರ್ಟ್ ತಡೆಯಿತು. ಸೈಲೆನ್ಸರ್ ಹುಡುಗನಿಗೆ ಅಂಥ ಮೇಲ್ಮನವಿಯ ಅವಕಾಶ ಎಲ್ಲಿದೆ?

ದಾರಿ ಇಲ್ಲವೇ? ನಮ್ಮ ಆಟೋಗಳನ್ನೇ ಕೇಳಿ

ಬೆಂಗಳೂರಿನ ಆಟೋಗಳು ಎಲ್‌ಪಿಜಿಗೆ ಬದಲಾದದ್ದು ನೆನಪಿದೆಯಾ? ಎಲ್‌ಪಿಜಿ ಕಿಟ್ ಅಂದರೆ ಎಂಜಿನ್ ಉಸಿರಾಡುವ ದಾರಿಗೇ ಕೈ ಹಾಕುವ ಮಾರ್ಪಾಡು. ಅದಕ್ಕೆ ಕಾಯ್ದೆಯಲ್ಲೇ ಅವಕಾಶ ಮಾಡಲಾಯಿತು. ಪರೀಕ್ಷಾ ಸಂಸ್ಥೆ ಕಿಟ್‌ಗೆ ಒಪ್ಪಿಗೆ ಕೊಡುತ್ತೆ, ಆರ್‌ಟಿಒ ಅದನ್ನು ಆರ್‌ಸಿಯಲ್ಲಿ ನಮೂದಿಸುತ್ತಾರೆ. ಆಟೋ ಚಾಲಕರಿಗೆ ಸಾಧ್ಯವಾದ ದಾರಿ ಉಳಿದವರಿಗೆ ಯಾಕಿಲ್ಲ?

ಕ್ಯಾಲಿಫೋರ್ನಿಯಾದಲ್ಲಿ ಇದೇ ಕೆಲಸ ಇನ್‌ಟೇಕ್ ಬಿಡಿಭಾಗಗಳಿಗೂ ನಡೆಯುತ್ತದೆ. ಹೊಗೆ ಹೆಚ್ಚಿಸುವುದಿಲ್ಲ ಎಂದು ತಯಾರಕರು ಸಾಬೀತು ಮಾಡಿದರೆ ಅಲ್ಲಿನ ವಾಯು ಮಂಡಳಿ ಆ ಭಾಗಕ್ಕೊಂದು ಆದೇಶ ಸಂಖ್ಯೆ ಕೊಡುತ್ತದೆ. ಸಂಖ್ಯೆ ಇದ್ದರೆ ಹಾಕಬಹುದು, ಇಲ್ಲದಿದ್ದರೆ ಇಲ್ಲ. ಪೊಲೀಸರಿಗೂ ಗೊಂದಲವಿಲ್ಲ, ಮಾಲೀಕನಿಗೂ ಭಯವಿಲ್ಲ.

ಬೆಂಗಳೂರಿಗಂತೂ ಇದು ಉದ್ಯೋಗದ ಪ್ರಶ್ನೆಯೂ ಹೌದು. ಪೀಣ್ಯದ ಸಣ್ಣ ಸಿಎನ್‌ಸಿ ಘಟಕಗಳಿಗೆ ಒಂದು ಇನ್‌ಟೇಕ್ ಪೈಪ್ ಮಾಡುವುದು ದೊಡ್ಡ ವಿಷಯವಲ್ಲ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನಲ್ಲಿ ಜಗತ್ತಿನ ಕಾರು ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುವ ಎಂಜಿನಿಯರ್‌ಗಳಿದ್ದಾರೆ. ಕೊರತೆ ಇರುವುದು ಪುಣೆಗೋ ಮಾನೇಸರಕ್ಕೋ ಹೋಗದೆ, ಸಣ್ಣ ಘಟಕದ ಕೈಗೆಟಕುವ ಶುಲ್ಕದಲ್ಲಿ ಒಪ್ಪಿಗೆ ಸಿಗುವ ವ್ಯವಸ್ಥೆಯದ್ದು.

ಹಾಗಾಗಿ ಕೇಳಬೇಕಾದದ್ದು ಮೂರು. ಏನು ಹಾಕಬಹುದು, ಏನು ಹಾಕಬಾರದು ಎಂಬ ಸ್ಪಷ್ಟ ಪಟ್ಟಿ ಕೇಂದ್ರದಿಂದ ಬರಲಿ, ಸಾರಿಗೆ ಇಲಾಖೆ ಅದನ್ನು ಕನ್ನಡದಲ್ಲಿ ಪ್ರಕಟಿಸಲಿ. ಪಿಯುಸಿ ಪರೀಕ್ಷೆ ನೈಟ್ರೋಜನ್ ಆಕ್ಸೈಡನ್ನೂ ಅಳೆಯಲಿ, ಇಜಿಆರ್ ಮುಚ್ಚಿದ ಟ್ರಕ್ಕೂ ಕನ್ವರ್ಟರ್ ಕಿತ್ತ ಐಷಾರಾಮಿ ಕಾರೂ ಸಿಕ್ಕಿಬೀಳಲಿ. ದಂಡ ಬೀಳುವುದು ಕಾರಿಗೆ ಹೊಂದಿಕೊಂಡ ಫಿಲ್ಟರ್ ಮೇಲಲ್ಲ, ಹೊಗೆಯ ಮೇಲೆ.

ಬೆಂಗಳೂರಿನ ವಾಹನಗಳ ಸಂಖ್ಯೆ ಕೋಟಿ ದಾಟಿದೆ. ಸೈಲೆನ್ಸರ್ ಮೇಲೆ ರೋಲರ್ ಹರಿಸಿದರೆ ರಸ್ತೆ ಒಂದಷ್ಟು ಹೊತ್ತು ಶಾಂತವಾಗಬಹುದು. ಗಾಳಿ ಮಾತ್ರ ಇದ್ದ ಹಾಗೇ ಇರುತ್ತೆ.